ಕಾಲಿಗೆ ನೀರು

ಮನೆಗೆ ಬಂದ ಅಳಿಯ ಕಾಲು ತೊಳೆಯಲು ಒಪ್ಪದಿದ್ದರೆ ಅತ್ತೆಗೆ ಬೇರೆ ಅವಮಾನ ಬೇಕೆ? ಬರ್ಮಾ ಯುದ್ಧದಿಂದ ಮರಳಿದ ಗುರುಶಿದ್ದಪ್ಪ, ತುಂಬು ಬಸುರಿ ಸಾವಕ್ಕನನ್ನು ನೋಡಲು ಬ್ಯಾಹಟ್ಟಿಯ ಅವಳ ತವರಿಗೆ ಬಂದಿದ್ದ. ಅತ್ತೆ ಹನುಮವ್ವ ತಂಬಿಗೆ ಹಿಡಿದು ನಿಂತರೂ ಮಿಲಿಟರಿ ಬೂಟು ಬಿಚ್ಚದೆ ಕಟ್ಟೆಯ ಮೇಲೆ ಕುಳಿತ. ಸಾವಕ್ಕ ಬಾಗಿಲ ಮರೆಯಿಂದ ನೋಡುತ್ತಿದ್ದಳು.

"ಇರ್ಲಿ ಬಿಡ್ರಿ ಅತ್ತಿ, ಆಮ್ಯಾಲೆ."

ಹುಚ್ಚ! ಹಿಂದಿನ ರಜೆ ಮುಗಿಸಿ ಹೋದವನು ಎಡಗಾಲಿನ ಬೆರಳುಗಳನ್ನು ಬರ್ಮಾದಲ್ಲೇ ಕಳೆದುಕೊಂಡಿದ್ದ. ಬೂಟಿನ ತುದಿಗೆ ಚಿಂದಿ ತುರುಕಿಕೊಂಡಿದ್ದ. ಬಾಂಬಿಗೆ ಹೆದರದವನಿಗೆ, ಕುಂಟ ಗಂಡನೆಂದು ಹೆಂಡತಿ ಎಲ್ಲಿ ಮುಖ ತಿರುಗಿಸುತ್ತಾಳೋ ಎಂಬ ಹೆದರಿಕೆ.

ಅಷ್ಟರಲ್ಲಿ ಸಾವಕ್ಕನಿಗೆ ಬೇನೆ ಶುರುವಾಯಿತು. ಊರಿನ ಸೂಲಗಿತ್ತಿ ಬೆವರುತ್ತ ಹೊರಬಂದಳು. "ಕೂಸು ಅಡ್ಡ ಆಗೇತ್ರಿ. ನನ್ನ ಕೈಲೆ ಆಗೂದಲ್ಲ. ಹುಬ್ಬಳ್ಳಿ ಕಮರಿಪ್ಯಾಟಿ ಸೂಲಗಿತ್ತಿ ದಾವಲಬಿನ್ನ ಕರಕೊಂಡ ಬರ್ರಿ. ಹೊತ್ತು ಮುಳುಗೂದ್ರಾಗ ಬರದಿದ್ರ ಇಬ್ಬರೂ ಉಳಿಯೂದಿಲ್ಲ."

ಮಳೆಗೆ ಎರೆಮಣ್ಣು ಅಂಟಾಗಿ ಚಕ್ಕಡಿ ಹೋಗುವಂತಿರಲಿಲ್ಲ. ಗುರುಶಿದ್ದಪ್ಪ ನಡೆದೇ ಹುಬ್ಬಳ್ಳಿಗೆ ಹೊರಟ. ಆ ಸೀಮೆಯ ಮಂದಿ ಹಸಿ ಎರೆಹೊಲಕ್ಕೆ ಇಳಿಯುವ ಮೊದಲು ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಳ್ಳುತ್ತಾರೆ. ಇವನು ಬಿಚ್ಚಲಿಲ್ಲ. ಹೋಗುವಾಗ ಹೇಗೋ ತಲುಪಿದ.

ದಾವಲಬಿಯನ್ನು ಕರೆದುಕೊಂಡು ಮರಳುವಾಗ ಕಾಲುಗಳು ಕೈಕೊಟ್ಟವು. ಮಣ್ಣಿನ ಮೇಲೆ ಮಣ್ಣು ಮೆತ್ತಿ ಒಂದೊಂದು ಬೂಟೂ ಒರಳುಕಲ್ಲಿನಂತಾಯಿತು. ಮೀನಖಂಡ ಗಂಟು ಕಟ್ಟಿತು, ತೊಡೆ ನಡುಗಿತು, ಸೊಂಟದಲ್ಲಿ ಉರಿ ಎದ್ದಿತು. ಅವನ ತಾಯಿಯ ವಯಸ್ಸಿನ ದಾವಲಬಿ ತನ್ನ ತೆಳು ಚಪ್ಪಲಿಗಳನ್ನು ಕಂಕುಳಲ್ಲಿ ಅವುಚಿಕೊಂಡು ಬರಿಗಾಲಲ್ಲಿ ಸರಸರ ಮುಂದೆ ಹೋಗುತ್ತಿದ್ದಳು. ಆದರೆ ಹೊಲದ ಹಾದಿ ಗೊತ್ತಿದ್ದದ್ದು ಇವನಿಗೆ ಮಾತ್ರ. ದಾರಿ ಕವಲೊಡೆದಲ್ಲೆಲ್ಲ ಅವಳು ನಿಂತು ಕಾಯಬೇಕಾಯಿತು. ಹೊತ್ತು ಇಳಿಯುತ್ತಿತ್ತು.

"ತಮ್ಮಾ, ಬೂಟು ಬಿಚ್ಚೋ."

"ಆಗೂದಿಲ್ಲಬೇ."

"ಅಲ್ಲಿ ನಿನ್ನ ಹೇಣ್ತಿ ಸಾಯಾಕತ್ತಾಳ. ನಿನಗ ಬೂಟಿನ ಶೋಕಿ ಏನೋ?"

ಅವನು ಕೆಸರಿನಲ್ಲಿ ಕುಸಿದು ಕುಳಿತು ಲಾಡಿ ಎಳೆದ. ಎಡಗಾಲು ಹೊರಬಂದಾಗ ಕಣ್ಣು ಮುಚ್ಚಿಕೊಂಡ. ದಾವಲಬಿ ನೋಡಿದಳು. ಏನೂ ಕೇಳದೆ ಎರಡೂ ಬೂಟುಗಳನ್ನು ಕಸಿದು ಬದುವಿನಾಚೆ ಎಸೆದಳು.

"ಇನ್ನ ನಡಿ, ಲಗೂ."

ಬರಿಗಾಲಿಗೆ ಮೆತ್ತಿದ ಮಣ್ಣು ಕೊಡವಿದರೆ ಉದುರುತ್ತಿತ್ತು. ಅವನು ಕುಂಟುತ್ತಲೇ ಅವಳಿಗಿಂತ ಮುಂದಾದ.

ದೀಪ ಹಚ್ಚುವ ಹೊತ್ತಿಗೆ ದಾವಲಬಿ ಒಳಹೊಕ್ಕು ಬಾಗಿಲು ಹಾಕಿಕೊಂಡಳು. ಗುರುಶಿದ್ದಪ್ಪ ಅಂಗಳದಲ್ಲೇ ನಿಂತ. ಸಾವಕ್ಕ ಚೀರುತ್ತಿದ್ದಳು. ಆಮೇಲೆ ಚೀರಾಟ ನಿಂತಿತು. ಕಡೆಗೂ ಕೂಸು ಅತ್ತಿತು.

"ಹೆಣ್ಣು ಕೂಸು! ತಾಯೀನೂ ಉಳದಾಳ," ಎಂದು ದಾವಲಬಿ ಒಳಗಿನಿಂದ ಕೂಗಿದಳು. "ಕೈಬೆರಳು, ಕಾಲಬೆರಳು ಎಲ್ಲಾ ಬರೋಬ್ಬರಿ ಅದಾವ."

ಹನುಮವ್ವ ಬಿಸಿನೀರಿನ ತಂಬಿಗೆ ತಂದಳು. "ಈಗರೆ ಕಾಲಿಗೆ ನೀರು ತೊಗೋರಿ." ಈ ಸಲ ಅವನು ಕಾಲು ಮುಂದಿಟ್ಟ. ಕೆಸರು ಕರಗಿ ಹೋದಂತೆ ಬೆರಳಿಲ್ಲದ ಪಾದ ಕಂಡಿತು. ಹನುಮವ್ವನ ಕೈ ನಿಂತೇಬಿಟ್ಟಿತು.

ತೆರೆದ ಬಾಗಿಲಿನಿಂದ ಸಾವಕ್ಕನ ಸೋತ ದನಿ ಬಂತು.

"ಯವ್ವಾ, ಎಡಗಾಲಿಗೆ ಸಾವಕಾಶ ನೀರು ಹಾಕ. ಮುಂಜಾನೆ ಅವರು ನಡಕೊಂತ ಬರೂವಾಗನ ನೋಡೇನಿ, ಭಾಳ ನೋಯ್ತಿರತೈತಿ."

ಗುರುಶಿದ್ದಪ್ಪ ಕಟ್ಟೆ ಹಿಡಿದು ಕುಳಿತು ಅತ್ತುಬಿಟ್ಟ.