ಇಪ್ಪತ್ತಾರು ಸಾಲು

ಮಣ್ಣು ಮುಗಿಸಿ ಬಂದ ಗಣಪಯ್ಯ, ಹುಲಿಗೆಮ್ಮನನ್ನು ಮಲಗಿಸಿದ್ದ ಜಾಗದ ದೀಪಕ್ಕೆ ಕೈಮುಗಿದು, ಬಾಳೆಲೆಯಲ್ಲಿ ಉಳಿದಿದ್ದ ಎರಡನೆಯ ಹಾರ ಬಿಚ್ಚಿದ.

"ಸಮತಾ, ಅಮ್ಮನ ಫೋಟೋ ಇಟ್ಟಾಯ್ತು. ಪಕ್ಕದಲ್ಲಿ ನಿಮ್ಮಪ್ಪಂದೂ ಇಡು ಮಗ."

"ಅಪ್ಪಂದು ಒಂದೂ ಇಲ್ಲ ಮಾವ."

ಭದ್ರಾವತಿಯ ಕಾರ್ಖಾನೆಯಲ್ಲಿ ಅವಳಪ್ಪ ಚೌಡಯ್ಯನ ಜೊತೆ ದಿನಗೂಲಿ ಮಾಡಿದವನು ಗಣಪಯ್ಯ. ಚೌಡಯ್ಯ ತೀರಿಹೋದಾಗ ಸಮತಾಳಿಗೆ ವರ್ಷವೂ ತುಂಬಿರಲಿಲ್ಲ.

"ಹೇಗಿದ್ರು ಮಾವ? ಮೀಸೆ ಇತ್ತಾ?"

"ಇತ್ತು. ಸಣ್ಣದು." ಗಣಪಯ್ಯ ತಡೆದ. "ಇಲ್ಲ, ಅದು ಅವರಣ್ಣಂಗೆ. ಮರ್ತೋಗಿದೆ ಮಗ, ಸುಳ್ಳು ಯಾಕೆ ಹೇಳ್ಲಿ."

"ಎಷ್ಟು ವರ್ಷ ಆಯ್ತು ಮಾರಾಯ," ಎಂದಳು ನೆರೆಮನೆಯ ವೀರಮ್ಮ. "ಆ ಮುಖ ಗೊತ್ತಿದ್ದಿದ್ದು ಹುಲಿಗೆಮ್ಮಂಗೊಬ್ಬಳಿಗೇ."

ಬೆಳಗಿನಿಂದ ಅಳದಿದ್ದ ಸಮತಾ ಆಗ ಅತ್ತಳು.

*

ಹುಲಿಗೆಮ್ಮ ಮಗಳನ್ನು ಸಾಕಿದ್ದು ಕಸೂತಿ ಹಾಕಿ. ಅವಳ ಗಿಳಿಗಳು ಹಳೇನಗರದ ಅರ್ಧ ಮನೆಗಳ ಟಿವಿ ಮೇಲೆ ಕೂತಿದ್ದವು. ಸಕ್ಕರೆ ಕಾಯಿಲೆ ಕಣ್ಣು ತಿಂದ ಮೇಲೆ ಸೂಜಿ ಡಬ್ಬಿ ಸೇರಿತು. ಸಮತಾ ಶಿವಮೊಗ್ಗದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು.

"ನೀನು ಬಣ್ಣ ಎಣಿಸಿ ಹೇಳಮ್ಮ. ಒಂದು ಹೊಲಿಗೆಗೆ ನಾನು ಒಂದು ಅಂಕಿ ಹಾಕ್ತೀನಿ. ಪರ್ಲ್ ಅನ್ನೋ ಕಂಪ್ಯೂಟರ್ ಭಾಷೇಲಿ ಒಂದು ಪ್ರೋಗ್ರಾಂ ಬರ್ದಿದೀನಿ, ಅದು ಅಂಕಿನೆಲ್ಲ ಚಿತ್ರ ಮಾಡುತ್ತೆ."

"ಹಂಗಾದ್ರೆ ನಿಮ್ಮಪ್ಪನ್ನ ಹಾಕಣ. ನಲವತ್ತು ಸಾಲು ಬೇಕು. ಮುಗಿಯೋವರೆಗೂ ನೋಡ್ಬೇಡ."

ಕಸೂತಿಯ ಹಾಗೆ ಕೆಳಗಿನಿಂದ ಶುರುವಾಯಿತು. ದಿನಾ ಸಂಜೆ ಒಂದೆರಡು ಸಾಲು, ಬರೀ ಬಣ್ಣ, ಬರೀ ಎಣಿಕೆ. ಒಂದು ಸಾಲಿಗೆ ಸಮತಾ ತಡೆದಳು.

"ಇಡೀ ಸಾಲಲ್ಲಿ ಒಂದೇ ಕಪ್ಪಾ? ತಪ್ಪಿರ್ಬೇಕಮ್ಮ."

"ತಪ್ಪಿಲ್ಲ. ಹಾಕು."

ನಿನ್ನೆ ಸಂಜೆ ಹುಲಿಗೆಮ್ಮ ಸುಸ್ತಾಗಿ ಒರಗಿದಳು. "ಕುತ್ತಿಗೆವರೆಗೂ ಬಂತು. ಮುಖ ನಾಳೆ."

*

ಸಮತಾ ಕಣ್ಣೊರೆಸಿಕೊಂಡು ಕಂಪ್ಯೂಟರ್ ಹಾಕಿದಳು. ಎಷ್ಟು ಸಾಲಿನ ಚಿತ್ರ ಎಂದು ಮೊದಲೇ ಬರೆಯಬೇಕು. ಅಷ್ಟೂ ಸಾಲು ಇಲ್ಲದಿದ್ದರೆ ಚಿತ್ರ ತೆರೆಯುವುದಿಲ್ಲ. ಅಲ್ಲಿ ನಲವತ್ತು ಎಂದಿತ್ತು. ಅದನ್ನು ಅಳಿಸಲು ಅವಳಿಗೆ ಬಹಳ ಹೊತ್ತು ಮನಸ್ಸು ಬರಲಿಲ್ಲ. ಕೊನೆಗೆ ಅಮ್ಮ ಹೇಳಿದ್ದಷ್ಟು, ಇಪ್ಪತ್ತಾರು ಎಂದು ಹೊಡೆದಳು.

ಪಾದ, ಬಿಳಿ ಪಂಚೆ, ನೀಲಿ ಶರ್ಟು, ಕುತ್ತಿಗೆ. ಕೂತಿದ್ದ ಅಪ್ಪ ಅಲ್ಲಿಗೇ ಮುಗಿದಿದ್ದ. ಅವನ ತೊಡೆಯ ಮೇಲೆ ಕೆಂಪು ಲಂಗದ ಒಂದು ಮಗು ಕೂತಿತ್ತು. ಅದರ ಮುಖ ಪೂರ್ತಿಯಾಗಿತ್ತು.

ಗಣಪಯ್ಯ ಹಾರ ಹಿಡಿದು ಹಿಂದೆ ಬಂದು ಬಗ್ಗಿದ. "ಮುಖ ಬರ್ಲೇ ಇಲ್ವಾ ಮಗ?"

ಸಮತಾ ಪರದೆಯ ಮೇಲೆ ಬೆರಳಿಟ್ಟಿದ್ದಳು. ಮಗುವಿನ ಕೆನ್ನೆಯಲ್ಲಿ ಒಂದೇ ಒಂದು ಕಪ್ಪು ಚೌಕ, ದೃಷ್ಟಿಬೊಟ್ಟು, ತಪ್ಪಿಲ್ಲ ಎಂದು ಅಮ್ಮ ಹಾಕಿಸಿದ್ದ ಜಾಗದಲ್ಲೇ ಇತ್ತು.