ಸಾಕ್ಷಿ ಬಾಟಲಿ

“ನಿಮ್ಮ ಲ್ಯಾಬಿನ ನೀರಿಗೆ ರುಚಿಯೇ ಇಲ್ಲ ಕಣಮ್ಮ,” ಎಂದರು ಮಾವ, ಬಟಾಣಿ ಸುಲಿಯುತ್ತ. “ಅದಕ್ಕಿಂತ ನಮ್ಮ ಕೆರೆ ನೀರೇ ವಾಸಿ. ಬಾಯಿಗೆ ಏನೋ ಒಂದು ಸಿಕ್ತು ಅಂತಾದ್ರೂ ಅನ್ನಿಸುತ್ತೆ.”

ಒಲೆಯ ಮುಂದೆ ನಿಂತಿದ್ದ ಸೊಸೆ ನಕ್ಕಳು. ಆ ಸಂಜೆ ಅವಳಿಗೆ ಎಲ್ಲದಕ್ಕೂ ನಗು ಬರುತ್ತಿತ್ತು. ಕೆರೆಯ ಬಗ್ಗೆ ಹಲವು ದಿನಗಳಿಂದ ಹೊತ್ತುಕೊಂಡಿದ್ದ ಚಿಂತೆ ಮಧ್ಯಾಹ್ನವಷ್ಟೇ ಇಳಿದಿತ್ತು, ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ಬಟಾಣಿಯೂ ಎಳೆಯದಾಗಿತ್ತು. ನಕ್ಕು ಮುಗಿದ ಮೇಲೆ ಮಾತು ತಲೆಗೆ ಹೋಯಿತು.

“ಲ್ಯಾಬಿನ ನೀರನ್ನ ನೀವು ಯಾವಾಗ ಕುಡಿದ್ರಿ ಮಾವ?”

“ಅವತ್ತು, ದೋಣೀಲಿ. ನೀನು ಆ ಕಡೆ ಬಗ್ಗಿ ಹಗ್ಗ ಬಿಡ್ತಾ ಇದ್ದೆಯಲ್ಲ, ಆಗ. ನನ್ನ ಪಕ್ಕದಲ್ಲೇ ನೀನು ಬಾಟಲಿ ಮುಚ್ಚಳ ತೆಗೆದು ಇಟ್ಟಿದ್ದೆ. ಹುಟ್ಟು ಹಾಕಿ ಹಾಕಿ ಗಂಟಲು ಒಣಗಿರುತ್ತೆ ಅಂತ ನನಗೇ ಇಟ್ಟಿದ್ದೀಯ ಅಂದ್ಕೊಂಡೆ. ಎಷ್ಟು ನಿಗಾ ಮಾಡ್ತಾಳಪ್ಪ ನಮ್ಮ ಹುಡುಗಿ ಅಂತ ಗಟಗಟ ಕುಡಿದೆ.”

ಸೌಟು ಪಾತ್ರೆಯಲ್ಲೇ ನಿಂತಿತು. “ಪೂರ್ತಿನಾ?”

“ಪೂರ್ತಿ. ಆಮೇಲೆ ನೋಡ್ತೀನಿ, ಬಾಟಲಿ ಮೇಲೆ ಚೀಟಿ! ಅಯ್ಯೋ, ಇದು ಆಫೀಸಿನ ನೀರು, ಕಡಿಮೆ ಬಿದ್ರೆ ನಿನ್ನ ಬೈತಾರೆ ಅಂತ ಎದೆ ಧಸಕ್ ಅಂತು. ನೀನು ಆಳದಿಂದ ಎತ್ತಿದ ನೀರು ಬಕೆಟ್ಟಲ್ಲಿ ಮಿಕ್ಕಿತ್ತಲ್ಲ, ಅದನ್ನೇ ಕತ್ತಿನವರೆಗೂ ತುಂಬಿಸಿ ಇಟ್ಟೆ. ಒಂದು ಹನಿ ಕಡಿಮೆ ಮಾಡಿಲ್ಲ, ನೋಡು.”

ಇಷ್ಟು ಹೇಳಿ, ಅಚ್ಚುಕಟ್ಟಾಗಿ ಕೆಲಸ ಮುಗಿಸಿದವರ ಮುಖ ಮಾಡಿಕೊಂಡು ಇನ್ನೊಂದು ಕಾಯಿ ಸುಲಿದರು. ಸೊಸೆ ಒಲೆ ಆರಿಸಿದಳು.

ಊರಾಚೆಯ ಸಿಮೆಂಟು ಕಾರ್ಖಾನೆ ಈಗ ತನ್ನ ಹೊಗೆಯೊಳಗಿನ ಇಂಗಾಲವನ್ನು ಮೊದಲಿನ ಹಾಗೆ ಆಕಾಶಕ್ಕೆ ಬಿಡುವುದಿಲ್ಲ. ಅಮೈನ್ ಎಂಬ ದ್ರಾವಣದಲ್ಲಿ ಹೊಗೆಯನ್ನು ತೊಳೆದು, ಇಂಗಾಲವನ್ನು ಹಿಡಿದು, ನೆಲದಡಿಗೆ ತುಂಬುತ್ತದೆ. ಒಳ್ಳೆಯ ಕೆಲಸವೇ. ಆದರೆ ಆ ದ್ರಾವಣದ ಆವಿ ಒಂದಿಷ್ಟು ಚಿಮಣಿಯಿಂದ ತಪ್ಪಿಸಿಕೊಂಡು, ಗಾಳಿಯಲ್ಲಿ ಬೇರೆಯೇ ಅವತಾರವೆತ್ತಿ, ನೈಟ್ರೋಸಮೈನ್ ಎಂಬ ಹೆಸರಿನಲ್ಲಿ ಕೆರೆಗೆ ಇಳಿಯಬಹುದು. ಬಹುಕಾಲ ಕುಡಿದರೆ ಕ್ಯಾನ್ಸರಿಗೆ ದಾರಿ ಮಾಡುವ ವಸ್ತು ಅದು. ಬಿಸಿಲಿಗೆ ಸಿಕ್ಕರೆ ಮುರಿದುಹೋಗುತ್ತದೆ; ಬಿಸಿಲು ತಲುಪದ ಆಳ ಸಿಕ್ಕಿತೋ, ಅಲ್ಲೇ ಬಿಡಾರ ಹೂಡುತ್ತದೆ. ಊರ ನಲ್ಲಿಗಳಿಗೆ ಪೈಪು ನೀರೆಳೆಯುವುದೂ ಆ ಆಳದಿಂದಲೇ. ಹಾಗಾಗಿ ಸೊಸೆಯ ಲ್ಯಾಬಿನವರು ಆಗಾಗ ಕೆರೆಯ ನಡುವಿನಿಂದ ಕಂದು ಬಾಟಲಿಗಳಲ್ಲಿ ನೀರು ತಂದು ಪರೀಕ್ಷಿಸುತ್ತಾರೆ. ದೋಣಿ ನಡೆಸಲು ಮಾವನನ್ನೇ ಕರೆಯುತ್ತಾರೆ. ಮೂವತ್ತು ವರ್ಷ ಅದೇ ಕೆರೆಯಲ್ಲಿ ಜನರನ್ನು ದಾಟಿಸಿದ ಅಂಬಿಗ ಅವರು.

ಆ ಬಾಟಲಿಗಳ ಜೊತೆ ಒಂದು ಬಾಟಲಿ ಮಾತ್ರ ಸುಮ್ಮನೆ ಹೋಗಿ ಬರುತ್ತದೆ. ಅದರಲ್ಲಿರುವುದು ಲ್ಯಾಬಿನಲ್ಲೇ ತುಂಬಿಸಿದ ಅಪ್ಪಟ ಶುದ್ಧ ನೀರು. ಕೆರೆಯ ನಡುವೆ ಸ್ವಲ್ಪ ಹೊತ್ತು ಮುಚ್ಚಳ ತೆಗೆದಿಟ್ಟು, ಮತ್ತೆ ಮುಚ್ಚಿ ತರಬೇಕು. ಲ್ಯಾಬಿನಲ್ಲಿ ಅದಕ್ಕೆ ಸಾಕ್ಷಿ ಬಾಟಲಿ ಎನ್ನುತ್ತಾರೆ. ನೈಟ್ರೋಸಮೈನ್ ಕೈಗವಸಿನ ರಬ್ಬರಿನಲ್ಲೂ ಇರುತ್ತದೆ; ಸಾಕ್ಷಿಯ ನೀರಿನಲ್ಲೂ ಅದು ಸಿಕ್ಕಿತೆಂದರೆ ತಪ್ಪು ಕೆರೆಯದಲ್ಲ, ನೀರು ಎತ್ತಿದ ಕೈಯದು ಎಂದು ಲೆಕ್ಕ.

ಈ ಸಲ ಕೆರೆಯ ನೀರಿನಲ್ಲಿ ಅದು ಮಿತಿ ಮೀರಿ ಸಿಕ್ಕಿತ್ತು. ಊರ ಪೈಪು ನಿಲ್ಲಿಸಬೇಕು, ಕೆರೆಗೆ ಯಾರೂ ಇಳಿಯಕೂಡದು ಎನ್ನುವಷ್ಟರಲ್ಲಿ ಸಾಕ್ಷಿ ಬಾಟಲಿಯಲ್ಲೂ ಅದೇ ಸಿಕ್ಕಿತು. “ಹೊಸ ಕೈಗವಸಿನ ಕಿತಾಪತಿ ಇದು! ಕೆರೆ ಪಾಪದ್ದು,” ಎಂದು ಲ್ಯಾಬಿನ ಮುಖ್ಯಸ್ಥೆ ಮೇಜು ಕುಟ್ಟಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ ಸೊಸೆಯೂ ಹೌದೆಂದಿದ್ದಳು. ಕೈಗವಸಿನ ರಬ್ಬರು ಎರಡು ನೀರಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬೆರೆತದ್ದು ಹೇಗೆ ಎಂದು ಒಂದು ಕ್ಷಣ ಅನ್ನಿಸಿತ್ತು. ಅವಳು ಅದನ್ನು ಅಲ್ಲಿಗೇ ಬಿಟ್ಟಿದ್ದಳು.

ಬಿಟ್ಟದ್ದಕ್ಕೆ ಕಾರಣ ಎದುರಿಗೇ ಕೂತಿತ್ತು. ಅತ್ತೆ ತೀರಿಕೊಂಡ ಮೇಲೆ ಮಾವ ಕಿಟಕಿಯ ಪಕ್ಕ ಕೂತವರು ಏಳುವುದನ್ನೇ ಮರೆತಿದ್ದರು. ಕೊಟ್ಟರೆ ಉಣ್ಣುವರು, ಕೊಡದಿದ್ದರೆ ಕೇಳರು. ಬಸ್ಸು ಓಡಿಸುವ ಮಗ ಡ್ಯೂಟಿ ಮುಗಿಸಿ ಬಂದು ಎಷ್ಟು ಮಾತಾಡಿಸಿದರೂ ಹ್ಞೂಂ, ಉಹ್ಞೂಂ, ಅಷ್ಟೇ. ಹೀಗಿರುವಾಗ ಪಕ್ಕದ ಬೀದಿಯ ಟೈಲರಮ್ಮ ಬಂದು, “ಸಾಯೋದ್ರೊಳಗೆ ಈಜು ಕಲೀಬೇಕು ಅಂತ ಆಸೆ, ಕಲಿಸ್ತೀರಾ?” ಎಂದು ಕೇಳಿದಳು. ಅವಳ ಹಿಂದೆ ನಿವೃತ್ತ ಪೋಸ್ಟ್‌ಮನ್ ಬಂದ, ಅವನ ಹಿಂದೆ ಅವನ ಜೊತೆಯವರು ಬಂದರು. ತಲೆ ನೆರೆತವರದೇ ಒಂದು ಗುಂಪಾಯಿತು. ‘ಮುಳುಗದವರ ಸಂಘ’ ಎಂದು ತಾವೇ ಹೆಸರಿಟ್ಟುಕೊಂಡರು. ಈಗ ಮಾವ ಬೆಳಗಾಗೆದ್ದು ಕೆರೆಗೆ ಹೋಗುತ್ತಾರೆ, ಬಂದು ಎರಡು ತುತ್ತು ಹೆಚ್ಚೇ ಉಣ್ಣುತ್ತಾರೆ, ಯಾರು ಎಷ್ಟು ನೀರು ಕುಡಿದರೆಂದು ಹೇಳಿ ತಾವೇ ನಗುತ್ತಾರೆ. ಆ ನಗುವನ್ನು ಸೊಸೆ ಮನೆಯ ದೀಪದ ಹಾಗೆ ಕಾಪಾಡಿಕೊಂಡು ಬಂದಿದ್ದಳು.

ಈಗಲೂ ಅವಳಿಗೆ ಮೊದಲು ನೆನಪಾದದ್ದು ಅದೇ. ಊರಿನ ನಲ್ಲಿಗಳು ನೆನಪಾದದ್ದು ಆಮೇಲೆ. ಅದಕ್ಕೆ ಅವಳಿಗೆ ನಾಚಿಕೆಯಾಯಿತು.

“ಯಾಕಮ್ಮ, ಒಲೆ ಯಾಕೆ ಆರಿಸಿದೆ? ಅದನ್ನ ಕುಡೀಬಾರದಿತ್ತಾ? ಹೊಟ್ಟೆಗೇನಾದ್ರೂ ಆಗುತ್ತಾ?”

“ಹೊಟ್ಟೆಗೇನೂ ಆಗಲ್ಲ ಮಾವ. ಊರಲ್ಲೆಲ್ಲ ಅದಕ್ಕಿಂತ ಶುದ್ಧವಾದ ನೀರೇ ಇಲ್ಲ.”

ಅಲ್ಲಿಗೇ ನಿಲ್ಲಿಸಬಹುದಿತ್ತು. ಇನ್ನೊಂದು ಮಾತಿಗೆ ತಿರುಗಿಸಿದ್ದರೆ ಅವರು ತಿರುಗುತ್ತಿದ್ದರು. ಆದರೆ ಬಿಸಿ ತುಪ್ಪ ಬಾಯಿಗೆ ಬಿದ್ದಾಗಿತ್ತು, ನುಂಗುವ ಹಾಗಿಲ್ಲ. ಅವಳು ಎದುರಿನ ಕುರ್ಚಿಯಲ್ಲಿ ಕೂತು ಸಾಕ್ಷಿ ಬಾಟಲಿ ಯಾಕೆ, ಅದರಲ್ಲಿ ಏನು ಸಿಕ್ಕಿತು, ಇವತ್ತು ಮಧ್ಯಾಹ್ನ ಲ್ಯಾಬಿನಲ್ಲಿ ಎಲ್ಲರೂ ಯಾಕೆ ನಿರಾಳವಾದರು ಎಂದು ಒಂದೊಂದಾಗಿ ಹೇಳಿದಳು.

ಮಾವ ಖಾಲಿ ಸಿಪ್ಪೆಯೊಂದನ್ನು ಬೆರಳುಗಳ ನಡುವೆ ಹೊರಳಿಸುತ್ತಾ ಕೇಳಿದರು. “ಅಂದ್ರೆ, ಬಾಟಲೀಲಿ ಇದ್ದದ್ದೂ ಕೆರೆ ನೀರೇ.”

“ಹ್ಞೂಂ.”

“ಮತ್ತೆ ನೀರು ತಂದು ನೋಡಿ, ಮತ್ತೆ ಅದೇ ಸಿಕ್ಕಿದ್ರೆ?”

“ಕೆರೆ ಮುಚ್ತಾರೆ. ಕಾರ್ಖಾನೆಯವರು ಹೊಗೆ ತೊಳೆಯೋಕೆ ಇನ್ನೊಂದು ಗೋಪುರ ಕಟ್ಟೋವರೆಗೂ. ನಿಮ್ಮ ಸಂಘ ಕೂಡ…”

“ನಾನು ಕುಡಿದದ್ದು ಯಾರಿಗೂ ಗೊತ್ತಿಲ್ಲ, ಅಲ್ವಾ?”

“ನಿಮಗೆ, ನನಗೆ.”

ಮಾವ ಎದ್ದು, ಬಟ್ಟಲಿನಲ್ಲಿದ್ದ ಬಟಾಣಿ ತೊಳೆಯಲೆಂದು ನಲ್ಲಿ ತಿರುಗಿಸಿದರು. ನೀರು ಬಂತು. ಬಟ್ಟಲು ಕೆಳಗೆ ಹಿಡಿಯದೆ ಸ್ವಲ್ಪ ಹೊತ್ತು ಹಾಗೇ ನೋಡುತ್ತ ನಿಂತು, ನಲ್ಲಿ ನಿಲ್ಲಿಸಿದರು.

“ಫೋನ್ ಮಾಡಮ್ಮ,” ಎಂದರು. “ಮುದುಕನಿಗೆ ಬುದ್ಧಿ ಇಲ್ಲ ಅಂತ್ಲೂ ಹೇಳು.”

ಆ ಕಡೆಯಿಂದ ಮುಖ್ಯಸ್ಥೆ, “ಸಾಕ್ಷೀನೇ ಕುಡಿದುಬಿಟ್ರಾ?” ಎಂದು ಕೂಗಿದ್ದು ಅಡುಗೆಮನೆಗೆಲ್ಲ ಕೇಳಿಸಿತು. ಅವರು ಒಮ್ಮೆ ನಕ್ಕು, ಕೂಡಲೇ ನಗು ನಿಲ್ಲಿಸಿ, ಕೆಲಸದ ಮಾತಿಗೆ ಇಳಿದರು. ಕತ್ತಲಾಗುವುದರೊಳಗೆ ಊರ ನಲ್ಲಿಗಳಿಗೆ ಹಳೆಯ ಬಾವಿಗಳ ನೀರು ಬಂತು.

ಮರುದಿನ ಮತ್ತೆ ದೋಣಿ ಹೋಯಿತು. ಸಾಕ್ಷಿ ಬಾಟಲಿಯ ಮುಚ್ಚಳ ತೆಗೆದಿದ್ದಷ್ಟು ಹೊತ್ತೂ ಮಾವ ಎರಡು ಕೈಯನ್ನೂ ಹುಟ್ಟಿನ ಮೇಲಿಟ್ಟು, ದೂರದ ದಡ ನೋಡುತ್ತ ಕೂತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಏನೂ ಅನ್ನದಿದ್ದರೂ “ನಾನು ಮುಟ್ಟಿಲ್ಲ” ಎಂದು ಎರಡು ಸಲ ಹೇಳಿದರು. ಸೊಸೆಗೆ ನಗುವೂ ಬಂತು, ಅಳುವೂ ಬಂತು.

ಸಾಕ್ಷಿ ಶುದ್ಧವಾಗಿತ್ತು. ಕೆರೆ ಶುದ್ಧವಾಗಿರಲಿಲ್ಲ. ದಡದ ಉದ್ದಕ್ಕೂ ಹಗ್ಗ ಕಟ್ಟಿ, ಯಾರೂ ನೀರಿಗಿಳಿಯಬಾರದೆಂದು ಫಲಕ ನೆಟ್ಟರು. ಕಾರ್ಖಾನೆಯವರು ಗೋಪುರ ಕಟ್ಟಲು ಒಪ್ಪಿದರು. ಆದರೆ ಅದೇನು ಒಂದು ದಿನದಲ್ಲಿ ಮುಗಿಯುವ ಕೆಲಸವೇ? ಮಾವ ಫಲಕವನ್ನು ಓದಿ ಮನೆಗೆ ಬಂದರು. ಆ ದಿನ ಊಟ ಅರ್ಧಕ್ಕೇ ಬಿಟ್ಟು ಎದ್ದರು. ಸರಿಯಾದದ್ದನ್ನೇ ಮಾಡಿದ್ದೇನೆ ಎಂದು ಸೊಸೆ ತನಗೆ ತಾನೇ ಎಷ್ಟು ಹೇಳಿಕೊಂಡರೂ ಅವರ ತಟ್ಟೆಯಲ್ಲಿ ಮಿಕ್ಕಿದ್ದನ್ನು ಚೆಲ್ಲಲು ಅವಳಿಗೆ ಮನಸ್ಸು ಬರಲಿಲ್ಲ.

ಬೆಳಗ್ಗೆ ಎದ್ದು ನೋಡಿದರೆ ಮಾವ ಮನೆಯಲ್ಲಿಲ್ಲ. ಲ್ಯಾಬಿನ ಚೀಲ ಹೆಗಲಿಗೆ ಹಾಕಿಕೊಂಡವಳು ಬಸ್‌ಸ್ಟಾಪಿನ ಕಡೆ ತಿರುಗದೆ ಕೆರೆಯ ದಾರಿ ಹಿಡಿದಳು. ದೂರದಿಂದಲೇ ಮಾವನ ದನಿ ಕೇಳಿಸಿತು.

“ಕಾಲು! ಪೋಸ್ಟ್‌ಮನ್ನರೇ, ನಿಮ್ಮ ಕಾಲು ನಿದ್ದೆ ಮಾಡ್ತಾ ಇದೆ!”

ಹಗ್ಗದ ಈಚೆ, ದಡದ ಕಲ್ಲುಬೆಂಚುಗಳ ಮೇಲೆ ಮುಳುಗದವರ ಸಂಘವೆಲ್ಲ ಹೊಟ್ಟೆ ಅಡಿಯಾಗಿ ಮಲಗಿತ್ತು. ಎಲ್ಲರೂ ಗಾಳಿಯಲ್ಲಿ ಕೈ ಬೀಸುತ್ತಿದ್ದರು, ಕಾಲು ಬಡಿಯುತ್ತಿದ್ದರು. ಮಾವ ಬೆಂಚಿನಿಂದ ಬೆಂಚಿಗೆ ನಡೆದು, ಒಬ್ಬರ ಗದ್ದ ಎತ್ತಿ, ಇನ್ನೊಬ್ಬರ ಮಂಡಿ ನೇರ ಮಾಡುತ್ತಿದ್ದರು. ದಾರಿಹೋಕರು ನಿಂತು ನೋಡಿ ನಗುತ್ತಿದ್ದರು. ಸಂಘದವರು ಯಾರೂ ಅವರ ಕಡೆ ತಿರುಗಿಯೂ ನೋಡಲಿಲ್ಲ.

“ಗುರುಗಳೇ, ನಾನು ಆ ದಡ ಮುಟ್ಟಿದೆ,” ಎಂದಳು ಟೈಲರಮ್ಮ, ಏದುಸಿರು ಬಿಡುತ್ತ.

“ಮುಟ್ಟಿದ್ರೆ ಈ ದಡಕ್ಕೆ ವಾಪಸ್ ಬನ್ನಿ. ಅಲ್ಲೇ ಕೂತ್ಕೊಂಡ್ರೆ ಹೇಗೆ?”

ಆಗ ಅವರು ಸೊಸೆಯನ್ನು ಕಂಡರು. “ಲ್ಯಾಬಿಗೆ ಹೊತ್ತಾಯ್ತಾ?”

“ಇನ್ನೂ ಇಲ್ಲ ಮಾವ.”

“ಹಾಗಾದ್ರೆ ಅಲ್ಲೊಂದು ಬೆಂಚು ಖಾಲಿ ಇದೆ.”

ಅವಳು ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಹೊಟ್ಟೆ ಅಡಿಯಾಗಿ ಮಲಗಿದಳು. ಕಲ್ಲು ತಣ್ಣಗಿತ್ತು. ಎರಡೂ ಕೈ ಮುಂದಕ್ಕೆ ಚಾಚಿದಳು. ಮಾವ ಬಂದು ಅವಳ ಮೊಣಕೈಯನ್ನು ಸ್ವಲ್ಪ ಮೇಲೆತ್ತಿ ಸರಿಮಾಡಿ, “ಈಗ ಉಸಿರು ತಗೋ,” ಎಂದರು.