ಮೊದಲ ಚಹಾ ಯಾರು ತಂದರು?

ನಮ್ಮ ಗುಡ್ಡದ ಓಣಿಯಲ್ಲಿ ಜಗಳ ಆಗುವುದು ಎರಡೇ ವಿಷಯಕ್ಕೆ. ಒಂದು ನೀರಿನ ಸಾಲು, ಇನ್ನೊಂದು ನಾಯಿ. ಉಳಿದಂತೆ ನಾವು ಬಹಳ ಒಳ್ಳೆಯ ಜನ ಎಂದು ನಾವೇ ಹೇಳಿಕೊಳ್ಳುತ್ತೇವೆ. ಕೆಳಗೆ ನಮ್ಮ ರಾಜಧಾನಿ ಉಲಾನ್‌ಬಾತರ್‌ನ ದೊಡ್ಡ ಕಟ್ಟಡಗಳಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ನಾವು ಮಾತ್ರ ಕ್ಯಾನುಗಳನ್ನು ಕೈಗಾಡಿಯ ಮೇಲಿಟ್ಟು ಎಳೆದು ತರಬೇಕು. ಹಾಗಾಗಿ ನಮ್ಮ ಓಣಿಯ ಸುದ್ದಿಯೆಲ್ಲ ಹುಟ್ಟುವುದು ನೀರಿನ ಸಾಲಿನಲ್ಲೇ.

ಹೋದ ಚಳಿಗಾಲ ಹುಲ್ಲುಗಾವಲಿನವರಿಗೆ ಬಹಳ ಕೆಟ್ಟದಾಗಿತ್ತು. ಹಿಮ ಕಲ್ಲಿನಂತೆ ಗಟ್ಟಿಯಾಗಿ, ಮೇವು ಸಿಗದೆ ಮಂದೆಗೆ ಮಂದೆಯೇ ಸತ್ತುಹೋಯಿತು. ವಸಂತ ಬಂದಾಗ ಸಾಮಾನು ತುಂಬಿದ ಲಾರಿಗಳು ನಮ್ಮ ಗುಡ್ಡ ಹತ್ತತೊಡಗಿದವು. ಅಂಥದ್ದೊಂದು ಲಾರಿಯಲ್ಲಿ ಬಂದಿಳಿದವರು ಯಾಂಜ್ಮಾ ಮತ್ತು ಅವಳ ಮಗಳು ಸೊಲೊಂಗೊ. ಉಳಿದ ನಾಲ್ಕು ಕುರಿಗಳನ್ನು ನೋಡಿಕೊಳ್ಳಲು ಗಂಡ ಅಲ್ಲೇ ನಿಂತಿದ್ದ. ಗಾಳಿಯಲ್ಲಿ ತಾಯಿ ಮಗಳು ಇಬ್ಬರೇ ಹೆಣಗಾಡಿ ತಮ್ಮ ಗೆರ್ ಎತ್ತಿ ನಿಲ್ಲಿಸಿದರು. ಗೆರ್ ಅಂದರೆ ನಾವು ವಾಸಿಸುವ ಕಂಬಳಿಯ ಗುಂಡುಮನೆ. ನಾವೆಲ್ಲ ನಮ್ಮ ನಮ್ಮ ಬೇಲಿಯ ಸಂದಿಯಿಂದ ನೋಡಿದೆವು.

ಹುಲ್ಲುಗಾವಲಿನಲ್ಲಿ ಒಂದು ಪದ್ಧತಿಯಿದೆ. ಹೊಸಬರು ಬಂದು ಗೆರ್ ಎತ್ತುತ್ತಿದ್ದರೆ ಅಕ್ಕಪಕ್ಕದವರು ಬಿಸಿ ಚಹಾ ಹಿಡಿದು ಹೋಗಬೇಕು. ಅವರ ಒಲೆ ಹೊತ್ತಿಕೊಳ್ಳುವ ಮೊದಲೇ ನಮ್ಮ ಚಹಾ ಅವರ ಹೊಟ್ಟೆ ಸೇರಬೇಕು. ಚಹಾ ತಂದವರು ಆ ಮನೆಗೆ ನೆಂಟರಿದ್ದ ಹಾಗೆ. ಪಟ್ಟಣಕ್ಕೆ ಬಂದ ಮೇಲೆ ಈ ಪದ್ಧತಿ ಯಾವಾಗ ಬಿಟ್ಟುಹೋಯಿತೋ ಗೊತ್ತಿಲ್ಲ. ಇಲ್ಲಿ ಬೇಲಿಗಳು ಎತ್ತರ, ಪ್ರತಿ ಬೇಲಿಯೊಳಗೂ ಒಂದು ನಾಯಿ.

ಆ ದಿನ ಯಾಂಜ್ಮಾಳಿಗೆ ಚಹಾ ತಂದವಳು ಒಬ್ಬಳೇ ಒಬ್ಬಳು. ಹೆಸರು ಅಲ್ತಾ. ನಮ್ಮ ಓಣಿಯವಳಲ್ಲ, ಕೆಳಗಿನಿಂದ ಕಾರಿನಲ್ಲಿ ಬಂದಿದ್ದಳು. ಒಂದು ಕೈಯಲ್ಲಿ ಉಪ್ಪು ಹಾಕಿದ ಹಾಲುಚಹಾದ ಫ್ಲಾಸ್ಕು, ಇನ್ನೊಂದರಲ್ಲಿ ಹಬೆಯಾಡುವ ಮಾಂಸದ ಕಡುಬು. ಯಾಂಜ್ಮಾ ಆ ಮೊದಲ ಬಟ್ಟಲು ಕುಡಿದು ಅತ್ತುಬಿಟ್ಟಳಂತೆ.

ಆಮೇಲೆ ಅಲ್ತಾ ಆಗಾಗ ಬರತೊಡಗಿದಳು. ಒಂದು ದಿನ ಒಳ್ಳೆಯ ಸುದ್ದಿಯನ್ನೂ ತಂದಳು. ದಕ್ಷಿಣದ ಗಡಿಯಾಚೆ ಒಂದು ಹೋಟೆಲ್ಲಿನಲ್ಲಿ ಸೊಲೊಂಗೊಗೆ ಕೆಲಸ, ಊಟ ವಸತಿ ಅವರದೇ, ಅಲ್ಲಿಯ ಭಾಷೆ ಬರದಿದ್ದರೂ ನಡೆಯುತ್ತದೆ. ಟಿಕೆಟ್ ಮಾಡಿಸಬೇಕೆಂದು ಹೇಳಿ ಹುಡುಗಿಯ ಪಾಸ್‌ಪೋರ್ಟನ್ನು ತೆಗೆದುಕೊಂಡು ಹೋದಳು.

ಹತ್ತೊಂಬತ್ತರ ಹುಡುಗಿಯ ಬಾಯಲ್ಲಿ ಇಂಥ ಮಾತು ನಿಲ್ಲುತ್ತದೆಯೇ? ನೀರಿನ ಸಾಲಿನಲ್ಲಿ ದೊಲ್ಗೊರ್ ಅಜ್ಜಿ ಅವಳ ಹಿಂದೆ ನಿಂತಿದ್ದಳು. ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಹಳಬಳು, ಬಾಯಿ ಸ್ವಲ್ಪ ಜಾಸ್ತಿ.

"ಏನೇ, ಕ್ಯಾನ್ ತುಂಬ್ಕೊಂಡು ಮದುಮಗಳ ಥರ ನಗ್ತಾ ಇದೀಯ?"

"ಅಜ್ಜಿ, ಇನ್ನು ಸ್ವಲ್ಪ ದಿನ ಅಷ್ಟೇ. ಆಮೇಲೆ ನಾನು ನೀರು ಎಳೆಯೋ ಹಾಗೇ ಇಲ್ಲ. ಗಡಿಯಾಚೆ ಕೆಲಸ ಸಿಕ್ಕಿದೆ."

"ಭೇಷ್! ಯಾವ ಊರು?"

"ಊರಿನ ಹೆಸರು... ಅಲ್ತಕ್ಕಂಗೆ ಗೊತ್ತು. ಯಾರಿಗೂ ಹೇಳ್ಬೇಡ ಅಂದಿದಾಳೆ, ಕಣ್ಣು ಬೀಳತ್ತಂತೆ. ನೀವೂ ಹೇಳ್ಬೇಡಿ."

ಅಜ್ಜಿ ಹೇಳುವುದಿಲ್ಲವೆಂದು ತಲೆಯಾಡಿಸಿದಳು. ಕ್ಯಾನನ್ನು ಅಲ್ಲೇ ಬಿಟ್ಟು ನೆಟ್ಟಗೆ ಹೋದದ್ದು ಓಣಿಯ ಆರೋಗ್ಯ ಕೇಂದ್ರಕ್ಕೆ. ಅಲ್ಲಿಯ ನರ್ಸ್ ತುಯಾ ನಮ್ಮೆಲ್ಲರ ರಕ್ತದೊತ್ತಡವನ್ನೂ ನಮ್ಮೆಲ್ಲರ ಗುಟ್ಟನ್ನೂ ಬಲ್ಲವಳು. ಅಜ್ಜಿಯ ಮಾತು ಕೇಳುತ್ತಲೇ ಅವಳ ಮುಖ ಬಾಡಿತು. ಇದೇ ರೀತಿ ಹೋದ ಹುಡುಗಿಯೊಬ್ಬಳು ಎಷ್ಟೋ ಕಾಲದ ಮೇಲೆ ತಪ್ಪಿಸಿಕೊಂಡು ಬಂದಿದ್ದಳು. ಅವಳ ಗಾಯಗಳಿಗೆ ಪಟ್ಟಿ ಕಟ್ಟಿದವಳು ತುಯಾ.

ಸಂಜೆಗೇ ಇಬ್ಬರೂ ಯಾಂಜ್ಮಾಳ ಬೇಲಿಯ ಹೊರಗೆ ನಿಂತು, "ನಾಯಿ ಹಿಡ್ಕೊಳ್ಳೀ!" ಎಂದು ಕೂಗಿದರು. ನಮ್ಮಲ್ಲಿ ಬಾಗಿಲು ತಟ್ಟುವುದು ಹೀಗೆಯೇ, ನಾಯಿ ಇಲ್ಲದ ಮನೆಯಾದರೂ ಸರಿ. ಅಜ್ಜಿಯ ಕಂಕುಳಲ್ಲಿ ಚಹಾದ ಫ್ಲಾಸ್ಕು ಇತ್ತು.

ಯಾಂಜ್ಮಾ ಇಬ್ಬರನ್ನೂ ಒಳಗೆ ಕರೆದು ಕೂರಿಸಿದಳು, ಆದರೆ ಫ್ಲಾಸ್ಕು ನೋಡಿ ಮುಖ ಗಂಟು ಹಾಕಿಕೊಂಡಳು.

"ಈಗ ನೆನಪಾಯ್ತಾ ಅಜ್ಜಿ? ಗೆರ್ ಎತ್ತೋವಾಗ ಕೈಯೆಲ್ಲ ಸೆಟ್ಕೊಂಡಿತ್ತು ನಮ್ಗೆ. ನಿಮ್ಮ ಮನೆ ಹೊಗೆ ಕಾಣ್ತಾ ಇತ್ತು. ಚಹಾ ಮಾತ್ರ ಬರ್ಲಿಲ್ಲ."

"ತಪ್ಪಾಯ್ತು ಕಣೇ," ಎಂದಳು ಅಜ್ಜಿ. ಅಂಥ ದಿನ ಬರುತ್ತದೆಂದು ನಾವ್ಯಾರೂ ಅಂದುಕೊಂಡಿರಲಿಲ್ಲ.

ತುಯಾ ಮೆಲ್ಲಗೆ ಹೇಳಿದಳು, "ನಿಮ್ಮ ಮಾತು ನಿಜ ಅಕ್ಕ. ಬೈಬೇಕಾದ್ದೇ, ಬೈರಿ. ಬೈದಾದ್ಮೇಲೆ ಒಂದು ಮಾತು ಕೇಳ್ತೀನಿ. ಸೊಲೊಂಗೊ ಹೋಗೋ ಹೋಟ್ಲು ಯಾವುದು?"

"ದೊಡ್ಡದಂತೆ."

"ಹೆಸರು?"

"ಹೆಸರು ತಗೊಂಡು ನಾನೇನು ಮಾಡ್ಲಿ? ಅಲ್ತಾಗೆ ಗೊತ್ತು."

"ಅಲ್ಲಿಗೊಂದು ಫೋನ್ ಮಾಡೋಣ. ಯಜಮಾನ್ರ ಹತ್ರ ನೀವೇ ಮಾತಾಡಿ. ಇಲ್ಲಾ ಅಲ್ತಾ ಕಳಿಸಿದ ಹುಡುಗಿ ಯಾರಾದ್ರೂ ವಾಪಸ್ ಬಂದಿದ್ರೆ ಅವಳ ಜೊತೆ ಮಾತಾಡೋಣ. ಕೆಲ್ಸದ ಕರಾರು ನಮ್ಮ ಭಾಷೇಲಿ ಇದ್ಯಾ? ಪಾಸ್‌ಪೋರ್ಟ್ ಹುಡುಗಿ ಕೈಯಲ್ಲೇ ಇರ್ಬೇಕಲ್ವಾ ಅಕ್ಕ, ಇನ್ನೊಬ್ರ ಕೈಗೆ ಯಾಕೆ? ಒಳ್ಳೇ ಕೆಲ್ಸ ಆದ್ರೆ ಕದ್ದುಮುಚ್ಚಿ ಹೋಗೋದ್ಯಾಕೆ? ಗಡಿ ದಾಟಿದ್ಮೇಲೆ ಪಾಸ್‌ಪೋರ್ಟ್ ಇಲ್ದೇ ಇರೋ ಹುಡುಗೀನ ಏನು ಬೇಕಾದ್ರೂ ಮಾಡ್ಬಹುದು. ಮಾರಾಟ ಮಾಡಿಬಿಡ್ತಾರೆ ಅಕ್ಕ. ಒಂದಲ್ಲ, ಎರಡಲ್ಲ, ಎಷ್ಟೋ ಮನೇಲಿ ಹೀಗಾಗಿದೆ."

ಯಾಂಜ್ಮಾ ಸಿಡಿದು ಎದ್ದು ನಿಂತಳು. "ಹೊರಡೋ ಹುಡುಗಿ ಬಗ್ಗೆ ಕೆಟ್ಟ ಮಾತು ಆಡ್ಬೇಡಿ! ಆಡಿದ್ದೇ ಆಗ್ಬಿಡತ್ತೆ. ಮೊದಲ ಚಹಾ ತಂದವಳನ್ನ ಕಳ್ಳಿ ಥರ ಪ್ರಶ್ನೆ ಕೇಳೋದಾ ನಾನು? ನಮ್ಮ ಕಡೆ ಹಾಗಿಲ್ಲ."

ಅವಳ ತೊಡಕು ಅದೇ. ಅವಳು ದಡ್ಡಿಯೂ ಅಲ್ಲ, ಮಗಳ ಮೇಲೆ ಪ್ರೀತಿ ಇಲ್ಲದವಳೂ ಅಲ್ಲ. ಹುಟ್ಟಿದಾಗಿನಿಂದ ಕಲಿತ ಒಳ್ಳೆಯತನವೇ ಅವಳ ಬಾಯಿ ಕಟ್ಟಿತ್ತು. ಅಲ್ತಾಗೆ ಅದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಹೊಸ ಗೆರ್ ಎಲ್ಲಿ ಏಳುತ್ತದೋ ಅಲ್ಲಿಗೆ ಮೊದಲ ಫ್ಲಾಸ್ಕು ಅವಳದೇ.

ತುಯಾ ವಾದ ಬೆಳೆಸಲಿಲ್ಲ. "ಸರಿ ಅಕ್ಕ, ಪ್ರಶ್ನೆ ಬೇಡ. ಮನೆಯಿಂದ ಯಾರಾದ್ರೂ ದೂರ ಹೊರಟ್ರೆ ನೀವೇನು ಮಾಡ್ತೀರಿ?"

"ಏನಂದ್ರೆ? ಎಲ್ರೂ ಮಾಡೋದೇ. ಒಲೆ ಹಿಂದೆ ದೇವ್ರ ಹತ್ರ ಅವರ ವಸ್ತು ಇಟ್ಟು ಹಾಲು ಮುಟ್ಟಿಸೋದು. ಆಮೇಲೆ ಹೊರಗೆ ಬಂದು ಹೋಗೋ ದಾರಿಗೆ ಹಾಲು ಚಿಮುಕಿಸೋದು."

"ಹಾಗಾದ್ರೆ ಸೊಲೊಂಗೊ ಪಾಸ್‌ಪೋರ್ಟ್ ದೇವ್ರ ಹತ್ರ ಇಟ್ಟು ಕಳ್ಸಿ. ಅದು ಪ್ರಶ್ನೆ ಅಲ್ವಲ್ಲ? ಮಗಳಿಗೆ ಒಳ್ಳೇದಾಗ್ಲಿ ಅನ್ನೋದು ತಾನೇ."

ಯಾಂಜ್ಮಾ ಅಜ್ಜಿ ತಂದ ಚಹಾವನ್ನು ಬಟ್ಟಲಿಗೆ ಬಗ್ಗಿಸಿಕೊಂಡಳು. ನಮ್ಮ ಕಡೆ ಒಪ್ಪಿಗೆಗೆ ಅಷ್ಟು ಸಾಕು.

ಹೊರಡುವ ದಿನದ ಬೆಳಿಗ್ಗೆ ಅಲ್ತಾ ಒಬ್ಬ ಡ್ರೈವರ್ ಜೊತೆ ಕಾರಿನಲ್ಲಿ ಬಂದಳು. ಸೊಲೊಂಗೊ ಹೊಸ ಕೋಟು ಹಾಕಿಕೊಂಡು ಕುಣಿಯುತ್ತಿದ್ದಳು. ಯಾಂಜ್ಮಾ ಹಾಲಿನ ಬಟ್ಟಲನ್ನೂ ಮರದ ಸೌಟನ್ನೂ ಹಿಡಿದು ಹೊರಗೆ ಬಂದಳು. ನಕ್ಕುಕೊಂಡೇ ಕೇಳಿದಳು.

"ಅಲ್ತಾ, ಒಂದು ನಿಮಿಷ ಅವಳ ಪಾಸ್‌ಪೋರ್ಟ್ ಕೊಡಮ್ಮ. ದೇವ್ರ ಹತ್ರ ಇಟ್ಟು ಕೊಟ್ಬಿಡ್ತೀನಿ."

"ಅದೆಲ್ಲ ಯಾಕಕ್ಕ, ತಡ ಆಗತ್ತೆ."

"ಎಷ್ಟು ಹೊತ್ತಾಗತ್ತೆ? ಹಾಲು ಮುಟ್ಟಿಸೋದು ಅಷ್ಟೇ."

"ಅದು ನನ್ನ ಹತ್ರ ಇಲ್ಲ. ಮುಂದೆ ಕಳ್ಸಿದೀನಿ."

"ಡ್ರೈವರ್ ಜೇಬಲ್ಲಿ ಪಾಸ್‌ಪೋರ್ಟ್‌ಗಳು ಕಾಣ್ತಾ ಇದೆಯಲ್ಲ ಅಕ್ಕ," ಎಂದಳು ಸೊಲೊಂಗೊ, ಪಾಪ, ಸಹಾಯ ಮಾಡುವ ಹುರುಪಿನಲ್ಲಿ.

ಅಲ್ತಾ ರೇಗಿದಳು. "ಹಾಲು ಗೀಲು ಎಲ್ಲ ಬಿಟ್ಟು ಹುಡುಗೀನ ಹತ್ತಿಸಕ್ಕ! ಜನ ನೋಡ್ತಾರೆ!"

ಯಾಂಜ್ಮಾ ಹಾಲಿನ ಬಟ್ಟಲನ್ನು ಕೆಳಗಿಟ್ಟಳು. ಹೋಟೆಲ್ಲಿನ ಹೆಸರು ಗೊತ್ತಿಲ್ಲದೆ ಇರಬಹುದು, ಫೋನ್ ಹತ್ತದೆ ಇರಬಹುದು. ಆದರೆ ಹೊರಟ ಮಗಳಿಗೆ ತಾಯಿ ಹಾಲು ಮುಟ್ಟಿಸುವುದನ್ನು ಬೇಡ ಅನ್ನುವವಳು ನೆಂಟಳಾಗಲು ಸಾಧ್ಯವಿಲ್ಲ. ಯಾಂಜ್ಮಾ ಕಾರಿನೊಳಗೆ ಬಗ್ಗಿ ನೋಡಿದಳು. ಹಿಂದಿನ ಸೀಟಿನ ಮೂಲೆಯಲ್ಲಿ ಇನ್ನೊಬ್ಬಳು ಹುಡುಗಿ ಮುದುಡಿ ಕೂತಿದ್ದಳು, ಸೊಲೊಂಗೊಗಿಂತ ಚಿಕ್ಕವಳು. ಕಣ್ಣು ಅತ್ತು ಊದಿತ್ತು.

"ಸೊಲೊಂಗೊ, ಒಳಗೆ ಹೋಗು."

"ಅಮ್ಮಾ—"

"ಒಳಗೆ ಹೋಗು ಅಂದೆ!"

ಡ್ರೈವರ್ ಎಂಜಿನ್ ಚಾಲೂ ಮಾಡಿದ. ಆದರೆ ಕಾರು ಹೋಗುವುದೆಲ್ಲಿಗೆ? ನಮ್ಮ ಓಣಿ ಒಂದೇ ಕಾರಿನಷ್ಟು ಅಗಲ. ಅದರ ನಟ್ಟನಡುವೆ ದೊಲ್ಗೊರ್ ಅಜ್ಜಿ ನೀರಿನ ಕೈಗಾಡಿ ಅಡ್ಡ ನಿಲ್ಲಿಸಿ, ತುಂಬಿದ ಕ್ಯಾನಿನ ಮೇಲೆ ಕೂತುಬಿಟ್ಟಿದ್ದಳು. ಅವಳ ಹಿಂದೆ ನಾವು, ನಮ್ಮ ಹಿಂದೆ ನಮ್ಮ ಗಾಡಿಗಳು. ನೀರಿಗಾಗಿ ದಿನಾ ಕಿತ್ತಾಡುವವರು ಅಂದು ಒಬ್ಬರೂ ಸಾಲು ಬಿಟ್ಟು ಕದಲಲಿಲ್ಲ.

"ಏಯ್ ಮುದುಕಿ, ಗಾಡಿ ತೆಗಿ!"

"ಸೊಂಟ ಹಿಡ್ಕೊಂಡಿದೆ ಕಣಪ್ಪಾ," ಎಂದಳು ಅಜ್ಜಿ. "ನರ್ಸಮ್ಮ ಬರ್ಲಿ, ಏಳ್ತೀನಿ."

ನರ್ಸಮ್ಮ ಬಂದಳು, ಜೊತೆಗೆ ಪೊಲೀಸರೂ ಬಂದರು. ತುಯಾ ಅವರಿಗೆ ಮೊದಲೇ ತಿಳಿಸಿದ್ದಳು. ಡ್ರೈವರ್‌ನ ಜೇಬಿನಿಂದ ಎರಡೂ ಪಾಸ್‌ಪೋರ್ಟು ಹೊರಬಂದವು. ಅವನನ್ನೂ ಅಲ್ತಾಳನ್ನೂ ಪೊಲೀಸರು ವಶಕ್ಕೆ ತೆಗೆದುಕೊಂಡರು. ಗಡಿಯಾಚೆ ಹೋಟೆಲ್ಲೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಅಲ್ಲಿ ಇದ್ದದ್ದು ಏನೆಂದು ಪೊಲೀಸರು ಹೇಳಿದಾಗ ಸೊಲೊಂಗೊ ತಾಯಿಯ ತೋಳಿಗೆ ಮುಖ ಒತ್ತಿಕೊಂಡಳು.

ಆ ಚಿಕ್ಕ ಹುಡುಗಿಯನ್ನು ಯಾಂಜ್ಮಾಳೇ ಕೈಹಿಡಿದು ಇಳಿಸಿದಳು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಒಲೆಯ ಪಕ್ಕ ಕೂರಿಸಿ ಮೊದಲು ಬಿಸಿ ಚಹಾ ಕೊಟ್ಟಳು. ಹುಡುಗಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತುಂಬ ಹೊತ್ತು ಕುಡಿಯಲೇ ಇಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು. ಅದನ್ನು ನೋಡಿ ನಮ್ಮ ಅಜ್ಜಿಯ ಕಣ್ಣಲ್ಲೂ ನೀರು. ಸೊಂಟ ನೋವೆಂದು ಹೇಳಿ ತಪ್ಪಿಸಿಕೊಂಡಳು.

ಸೊಲೊಂಗೊ ಈಗ ತುಯಾ ತೋರಿಸಿಕೊಟ್ಟ ಹೊಲಿಗೆ ತರಬೇತಿಗೆ ಹೋಗುತ್ತಿದ್ದಾಳೆ. ದೂರ ಹೋಗುವ ಆಸೆ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಹೋಗುವ ದಿನ ಪಾಸ್‌ಪೋರ್ಟು ಅವಳ ಕೈಯಲ್ಲೇ ಇರುತ್ತದೆ, ಹೋಗುವ ಊರಿನ ಹೆಸರು ಓಣಿಗೆಲ್ಲ ಗೊತ್ತಿರುತ್ತದೆ.

ನಿನ್ನೆ ನಮ್ಮ ಗುಡ್ಡಕ್ಕೆ ಇನ್ನೊಂದು ಲಾರಿ ಹತ್ತಿ ಬಂತು. ಇಳಿಸಿದ ಸಾಮಾನಿನ ಮೇಲೆ ಮಕ್ಕಳು ನಡುಗುತ್ತ ಕೂತಿದ್ದರು. ನಾನು ಒಲೆಯ ಮೇಲೆ ಹಾಲಿಡುವಷ್ಟರಲ್ಲಿ ಓಣಿಯಲ್ಲಿ ಓಡುವ ಹೆಜ್ಜೆ ಕೇಳಿಸಿತು. ಯಾಂಜ್ಮಾ ಮುಂದೆ, ಹಿಂದೆ ಏದುಸಿರು ಬಿಡುತ್ತ ಅಜ್ಜಿ, "ನಿಲ್ಲೇ, ಈ ಸಲ ನಾನು ಮೊದ್ಲು!" ಅನ್ನುತ್ತ.

ಓದುವವರೇ, ಕೇಳುವವರೇ, ನಿಮ್ಮ ಬೀದಿಗೂ ಯಾರಾದರೂ ಹೊಸಬರು ಬಂದಿರುತ್ತಾರೆ. ಕಟ್ಟಡ ಕೆಲಸದ ಶೆಡ್ಡಿನಲ್ಲಿರಬಹುದು, ಇಟ್ಟಿಗೆ ಗೂಡಿನಲ್ಲಿರಬಹುದು, ಮೂಲೆಯ ಬಾಡಿಗೆ ಕೋಣೆಯಲ್ಲಿರಬಹುದು. ಅವರ ಹೆಸರು ನಿಮಗೆ ಗೊತ್ತೇ? ಅವರ ಹುಡುಗಿಯನ್ನು ಯಾರೋ ದೂರದ ಕೆಲಸಕ್ಕೆ ಕರೆದರೆ, ಅವರು ಬಂದು ಕೇಳುವಷ್ಟು ಸಲುಗೆ ನಿಮ್ಮಲ್ಲಿ ಇದೆಯೇ? ಅನುಮಾನ ಬಂದರೆ ಸುಮ್ಮನಿರಬೇಡಿ, ಆರೋಗ್ಯ ಕಾರ್ಯಕರ್ತೆಗೆ ಹೇಳಿ, ಪೊಲೀಸರಿಗೆ ಹೇಳಿ. ಆದರೆ ಅದಕ್ಕೂ ಮೊದಲು, ಇವತ್ತೇ, ಒಂದು ಫ್ಲಾಸ್ಕು ಚಹಾ ಹಿಡಿದು ಹೋಗಿ ಅವರ ಬಾಗಿಲಲ್ಲಿ ಕೂಗಿ. ನೀವು ಹೋಗದಿದ್ದರೆ ಇನ್ನೊಬ್ಬ ಅಲ್ತಾ ಹೋಗುತ್ತಾಳೆ.